‘ಏರ್’ ಅನ್ನಬೇಕಾ, ‘ಡೇರ್’ ಅನ್ನಬೇಕಾ, ಇಲ್ಲ ಹೆಸರೇ ಹೇಳಬೇಕಾ?

ಪ್ರಶ್ನೆ: ನಾನು ಸ್ಟುಟ್‌ಗಾರ್ಟ್ ಹತ್ತಿರದ ಒಂದು ಆಸ್ಪತ್ರೆಯಲ್ಲಿ ನರ್ಸ್. ಜರ್ಮನ್ ಭಾಷೆಯ ಬಿ2, ಅಂದರೆ ಮಧ್ಯಮಕ್ಕಿಂತ ಮೇಲಿನ ಹಂತ, ಮುಗಿಸಿದ್ದೇನೆ. ಆದರೂ ಡ್ಯೂಟಿ ಬದಲಾಗುವಾಗ ರೋಗಿಗಳ ವಿಷಯ ಹೇಳಿದರೆ, ಸಹೋದ್ಯೋಗಿಗಳು ಮಧ್ಯದಲ್ಲೇ "ಯಾರು? ಯಾರ ವಿಷಯ?" ಅಂತ ಕೇಳುತ್ತಾರೆ. ಅವರೆಲ್ಲ ‘ಏರ್’, ‘ಜೀ’ ಬದಲು ‘ಡೇರ್’, ‘ಡೀ’ ಜಾಸ್ತಿ ಬಳಸುತ್ತಾರೆ. ನಾನೂ ಹಾಗೇ ಹೇಳಿದಾಗ ಒಬ್ಬ ರೋಗಿಯ ಹೆಂಡತಿ ಮುಖ ಗಂಟು ಹಾಕಿಕೊಂಡರು. ಬರೆಯುವಾಗ ಗೊಂದಲ ಬೇಡ ಅಂತ ನಾಮಪದವನ್ನೇ ಮತ್ತೆ ಬರೆದರೆ ಕ್ಲಾಸಿನ ಟೀಚರ್ ಕೆಂಪು ಗೆರೆ ಎಳೆಯುತ್ತಾರೆ. ಎಲ್ಲಿ ಸರ್ವನಾಮ, ಎಲ್ಲಿ ನಾಮಪದ ಅಂತ ಜರ್ಮನ್ನರು ಹೇಗೆ ತೀರ್ಮಾನ ಮಾಡುತ್ತಾರೆ?

ಉತ್ತರ: ನಿಮ್ಮ ವ್ಯಾಕರಣದಲ್ಲಿ ತೊಂದರೆ ಇರಲಾರದು. ಕನ್ನಡದಲ್ಲಿ ಯಾರ ವಿಷಯ ಅನ್ನುವುದನ್ನು ಕ್ರಿಯಾಪದವೇ ಅರ್ಧ ಹೇಳಿಬಿಡುತ್ತದೆ. ಜರ್ಮನ್‌ನಲ್ಲಿ ಆ ಭಾರವನ್ನೆಲ್ಲ ಸರ್ವನಾಮವೇ ಹೊರಬೇಕು. ನೀವು ಎಡವುತ್ತಿರುವುದು ಅಲ್ಲಿ. (ಜರ್ಮನ್ ಪದಗಳನ್ನು ಇಲ್ಲಿ ಉಚ್ಚಾರಕ್ಕೆ ಹತ್ತಿರವಾಗುವಂತೆ ಬರೆದಿದ್ದೇನೆ. ಏರ್ ಅಂದರೆ ಅವನು, ಜೀ ಅಂದರೆ ಅವಳು, ಎಸ್ ಅಂದರೆ ಅದು. ಹೆಸರಿನ ಮುಂದೆ ಬರುವ ಫ್ರೌ ಅಂದರೆ ಶ್ರೀಮತಿ, ಹೆರ್ ಅಂದರೆ ಶ್ರೀ.)

ನಿಮ್ಮ ವಾರ್ಡಿನಲ್ಲಿ ಫ್ರೌ ವೇಬರ್ ಅಂತ ಒಬ್ಬ ವಯಸ್ಸಾದ ರೋಗಿ ಇದ್ದಾರೆ ಅಂದುಕೊಳ್ಳಿ. ಕನ್ನಡದಲ್ಲಿ ನೀವು "ವೇಬರ್ ಅಮ್ಮ ಮಗಳಿಗೆ ಫೋನ್ ಮಾಡಿದ್ರು, ಮಧ್ಯಾಹ್ನ ಬರ್ತಾಳಂತೆ" ಅನ್ನುತ್ತೀರಿ. ಎರಡನೇ ವಾಕ್ಯದಲ್ಲಿ ಕರ್ತೃವೇ ಇಲ್ಲ, ಆದರೂ ಯಾರಿಗೂ ಅನುಮಾನ ಬರುವುದಿಲ್ಲ. ‘ಬರ್ತಾಳೆ’ ಅಂದರೆ ಮಗಳು, ‘ಬರ್ತಾರೆ’ ಅಂದಿದ್ದರೆ ಅಮ್ಮ. ಇಬ್ಬರನ್ನೂ ಬೇರೆ ಮಾಡಿದ್ದು ಕ್ರಿಯಾಪದದ ಕೊನೆಯಲ್ಲಿರುವ ಮರ್ಯಾದೆ. ಜರ್ಮನ್‌ನಲ್ಲಿ ಎದುರಿಗಿರುವವರ ಜೊತೆ ಮಾತಾಡುವಾಗ ನೀನು–ನೀವು ಅನ್ನುವ ಭೇದ ಉಂಟು. ಮೂರನೆಯವರ ಬಗ್ಗೆ ಹೇಳುವಾಗ ಅವಳು–ಅವರು ಅನ್ನುವ ಭೇದ ಇಲ್ಲ. ಎಂಬತ್ತು ವರ್ಷದ ಅಜ್ಜಿಯೂ ‘ಜೀ’, ಎಂಟು ವರ್ಷದ ಮೊಮ್ಮಗಳೂ ‘ಜೀ’. ಕ್ರಿಯಾಪದವಂತೂ ಗಂಡಸಿಗೂ ಹೆಂಗಸಿಗೂ ಒಂದೇ, ‘ಕೋಮ್ಟ್’. ಹಾಗಾಗಿ ನೀವು "ಜೀ ಕೋಮ್ಟ್" ಅಂದ ಕೂಡಲೇ ಕೇಳುವವರ ಗಮನ ಮೊದಲು ಫ್ರೌ ವೇಬರ್ ಕಡೆಗೇ ಹೋಗುತ್ತದೆ. ಅವರು ಹಾಸಿಗೆ ಮೇಲೆ ಮಲಗಿದ್ದಾರೆ, ಎಲ್ಲಿಂದ ಬರಬೇಕು? ಅದಕ್ಕೇ "ಯಾರು?" ಅನ್ನುವ ಪ್ರಶ್ನೆ.

ಅದೇ ಜಾಗದಲ್ಲಿ ನಿಮ್ಮ ಸಹೋದ್ಯೋಗಿ "ಡೀ ಕೋಮ್ಟ್" ಅನ್ನುತ್ತಾರೆ. ಮಗಳು ಬರುತ್ತಾಳೆ ಅಂತ ಎಲ್ಲರಿಗೂ ತಿಳಿಯುತ್ತದೆ. ಈ ‘ಡೀ’ ಬೇರೇನಲ್ಲ, ನಾಮಪದದ ಮುಂದೆ ಬರುವ ಡೇರ್, ಡೀ, ಡಾಸ್‌ಗಳಲ್ಲೇ ಒಂದು. ಜೊತೆಗೆ ನಾಮಪದ ಇಲ್ಲದೆ ಒಂಟಿಯಾಗಿ ನಿಂತಾಗ ಅದೇ ಸರ್ವನಾಮವಾಗುತ್ತದೆ. ಎಷ್ಟೋ ಕ್ಲಾಸುಗಳಲ್ಲಿ ಇದನ್ನು "ಆಡುಮಾತಿನ ರೂಪ" ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅದು ಸಾಲದು. ‘ಏರ್’, ‘ಜೀ’ ಅಂದರೆ ಈವರೆಗೆ ಯಾರ ಸುದ್ದಿ ನಡೆಯುತ್ತಿತ್ತೋ ಅವರದೇ ಮುಂದುವರಿಯುತ್ತಿದೆ ಅಂತ ಸೂಚನೆ. ‘ಡೇರ್’, ‘ಡೀ’ ಅಂದರೆ ಸುದ್ದಿ ಈಗ ಪಕ್ಕದವರ ಕಡೆ ತಿರುಗಿತು ಅಂತ. ಕೆಲಸವೇ ಬೇರೆ ಬೇರೆ.

ಇದು ಸುಮ್ನೆ ನನ್ನ ಊಹೆ ಅಲ್ಲ. ಓಸ್ನಾಬ್ರೂಕ್ ವಿಶ್ವವಿದ್ಯಾಲಯದ ಪೇಟರ್ ಬೋಶ್ ಮತ್ತು ಜೊತೆಗಾರರು 2003ರಲ್ಲಿ ಪತ್ರಿಕಾ ಬರಹಗಳ ಒಂದು ಸಂಗ್ರಹವನ್ನು ಜಾಲಾಡಿ ಇದನ್ನು ತೋರಿಸಿದರು. ‘ಏರ್’ ಹೆಚ್ಚಾಗಿ ಹಿಂದಿನ ವಾಕ್ಯದ ಕರ್ತೃವನ್ನು ಹಿಡಿಯುತ್ತದೆ. ‘ಡೇರ್’ ಹೆಚ್ಚಾಗಿ ಕರ್ತೃ ಅಲ್ಲದವನನ್ನು ಹಿಡಿಯುತ್ತದೆ. ಆಮೇಲೆ ಅವರೇ ಇದನ್ನು ಇನ್ನಷ್ಟು ತಿದ್ದಿ, ಕರ್ತೃ ಅನ್ನುವುದಕ್ಕಿಂತ "ಮಾತು ಯಾರ ಸುತ್ತ ನಡೆಯುತ್ತಿದೆ" ಅನ್ನುವುದು ಮುಖ್ಯ ಅಂದರು. ಕೋಲ್ನ್ ವಿಶ್ವವಿದ್ಯಾಲಯದಲ್ಲಿ ಪೆಟ್ರಾ ಶೂಮಾಖರ್ ಅವರ ತಂಡ ಇನ್ನೊಂದು ಎಳೆ ಹಿಡಿಯಿತು. ಜರ್ಮನ್‌ನ ಕೆಲವು ಕ್ರಿಯಾಪದಗಳು ನಮ್ಮ "ನನಗೆ ಇಷ್ಟವಾಯಿತು" ಥರ. ಇಷ್ಟವಾದದ್ದು ಕರ್ತೃ, ಇಷ್ಟಪಟ್ಟವನು ಚತುರ್ಥಿಯಲ್ಲಿ. ಅಂಥ ಕಡೆ ಬರೀ ವ್ಯಾಕರಣದ ಕರ್ತೃವನ್ನು ನೋಡಿದರೆ ಸಾಲದು. ಆ ಘಟನೆಯಲ್ಲಿ ಯಾರ ಪಾತ್ರ ದೊಡ್ಡದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕನ್ನಡದವರಿಗೆ ಇದು ವಿಚಿತ್ರ ಅನ್ನಿಸಬಾರದು.

ಹಾಗಂತ ‘ಏರ್’ ಯಾವಾಗಲೂ ಕರ್ತೃವನ್ನೇ ಹಿಡಿಯುತ್ತದೆ ಅಂತ ಬಾಯಿಪಾಠ ಮಾಡಬೇಡಿ. "ಪೇಟರ್ ಹಾನ್ಸ್‌ಗೆ ಕಾರು ಮಾರಿದ, ಯಾಕಂದ್ರೆ ‘ಏರ್’‌ಗೆ ದುಡ್ಡು ಬೇಕಿತ್ತು" ಅಂದರೆ ದುಡ್ಡು ಬೇಕಿದ್ದದ್ದು ಪೇಟರ್‌ಗೆ. "ಯಾಕಂದ್ರೆ ‘ಏರ್’‌ಗೆ ಕಾರು ಬೇಕಿತ್ತು" ಅಂದರೆ ಹಾನ್ಸ್‌ಗೆ. ಲೋಕಜ್ಞಾನ ಇಲ್ಲಿ ವ್ಯಾಕರಣಕ್ಕಿಂತ ಜೋರು. ಎರಡನೆಯ ವಾಕ್ಯದಲ್ಲಿ ಜರ್ಮನ್ನರು ‘ಡೇರ್’ ಹಾಕಿದರೆ ಯೋಚನೆ ಮಾಡುವ ಕೆಲಸವೂ ತಪ್ಪುತ್ತದೆ. ಕೇಳುವವರಿಗೆ ಸಂದರ್ಭದಿಂದಲೇ ತಿಳಿಯುವ ಕಡೆ ‘ಏರ್’ ಸಾಕು. ತಿಳಿಯದ ಕಡೆ ಮಾತ್ರ ‘ಡೇರ್’ ಇಲ್ಲವೇ ಹೆಸರು ಬಳಸಿ.

ಇಷ್ಟೆಲ್ಲ ಬರುವುದಕ್ಕೂ ಮುಂಚೆ ಒಂದು ಜರಡಿ ಇದೆ. ಅದು ಲಿಂಗ. ಕನ್ನಡದಲ್ಲಿ ಮೇಜು, ದೀಪ, ಬೀಗದಕೈ ಎಲ್ಲವೂ ‘ಅದು’. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ಆದ್ದರಿಂದ ‘ಏರ್’. ದೀಪ ಸ್ತ್ರೀಲಿಂಗ, ಆದ್ದರಿಂದ ‘ಜೀ’. ಕಲಿಯುವವರಿಗೆ ಇದು ಕಾಟ, ಒಪ್ಪಿದೆ. ಆದರೆ ಜರ್ಮನ್ನರಿಗೆ ಇದರಿಂದ ಎಷ್ಟು ಲಾಭ ಅಂತ ಗಮನಿಸಿದ್ದೀರಾ? ಒಂದೇ ವಾಕ್ಯದಲ್ಲಿ ಮೇಜು, ದೀಪ, ಪುಸ್ತಕ ಮೂರೂ ಬಂದರೂ, ಮುಂದಿನ ವಾಕ್ಯದಲ್ಲಿ ಯಾವುದರ ಹೆಸರನ್ನೂ ಎತ್ತದೆ ಮೂರನ್ನೂ ಬೇರೆ ಬೇರೆಯಾಗಿ ತೋರಿಸಬಹುದು. ಲಿಂಗ ಬೇರೆ ಇದ್ದರೆ ಸರ್ವನಾಮ ಧಾರಾಳವಾಗಿ ಸಾಕು. ಒಂದೇ ಲಿಂಗದ ಎರಡು ಬಂದಾಗಲೇ ಪೇಚಾಟ ಶುರು.

ಈ ಆಟವನ್ನು ಚೆನ್ನಾಗಿ ನೋಡಬೇಕಾದರೆ 1812ರಲ್ಲಿ ಮೊದಲು ಅಚ್ಚಾದ ಗ್ರಿಮ್ ಸಹೋದರರ ಕಥೆಗಳಲ್ಲಿ ಕೆಂಪು ಟೋಪಿಯ ಹುಡುಗಿಯ ಕಥೆಯ ಮೊದಲ ಎರಡು ವಾಕ್ಯ ಓದಿ. ‘ಡಿರ್ನ’ ಅಂತ ಕಥೆ ಶುರುವಾಗುತ್ತದೆ. ಆಗ ಅದಕ್ಕೆ ಹುಡುಗಿ ಅಂತ ಅರ್ಥ, ಪದ ಸ್ತ್ರೀಲಿಂಗ. (ಈಗ ಆ ಪದ ಬಳಸಲು ಹೋಗಬೇಡಿ, ಅರ್ಥ ಕೆಟ್ಟಿದೆ.) ಅವಳನ್ನು ನೋಡಿದವರಿಗೆಲ್ಲ ಅವಳೆಂದರೆ ಇಷ್ಟ, ಎಲ್ಲರಿಗಿಂತ ಜಾಸ್ತಿ ಅಜ್ಜಿಗೆ. ತಕ್ಷಣ ಅಜ್ಜಿಯನ್ನು ಹಿಡಿಯಲು ‘ಡೀ’ ಬರುತ್ತದೆ: "‘ಡೀ’‌ಗೆ ಗೊತ್ತೇ ಆಗುತ್ತಿರಲಿಲ್ಲ, ಮಗುವಿಗೆ ಏನೇನು ಕೊಡಲಿ ಅಂತ." ಸುದ್ದಿ ಹುಡುಗಿಯಿಂದ ಅಜ್ಜಿಗೆ ತಿರುಗಿತು, ತಿರುಗಿಸಿದ್ದು ‘ಡೀ’. ಅದೇ ವಾಕ್ಯದಲ್ಲಿ ಹುಡುಗಿಗೆ ‘ಕಿಂಟ್’, ಅಂದರೆ ಮಗು, ಅನ್ನುವ ಹೊಸ ನಾಮಪದ ಬಂದಿದೆ. ಅದು ನಪುಂಸಕಲಿಂಗ. ಈಗ ಮುಂದಿನ ವಾಕ್ಯ ನೋಡಿ: "ಒಮ್ಮೆ ‘ಜೀ’ ‘ಈಮ್’‌ಗೆ ಕೆಂಪು ಮಖಮಲ್ಲಿನ ಟೋಪಿ ಕೊಟ್ಟಳು." ಜೀ ಅಂದರೆ ಅಜ್ಜಿ, ಈಮ್ ಅಂದರೆ ಮಗುವಿಗೆ. ಇಬ್ಬರೂ ಹೆಂಗಸರೇ, ಹೆಸರು ಇಬ್ಬರದೂ ಇಲ್ಲ, ಆದರೂ ಗೊಂದಲ ಇಲ್ಲ. ಮಧ್ಯದಲ್ಲಿ ನಾಮಪದ ಬದಲಾಯಿಸಿದ್ದರಿಂದ ಸರ್ವನಾಮಗಳು ತಾವಾಗಿಯೇ ಬೇರೆಯಾದವು. ಬೇಕಂತಲೇ ಮಾಡಿದ್ದೋ ಕಿವಿಗೆ ಹಾಗೆ ಬಂದದ್ದೋ, ಕೈಚಳಕ ಮಾತ್ರ ಭೇಷ್.

ಇದರ ಪಕ್ಕದಲ್ಲೇ ‘ಮೇಡ್‌ಷೆನ್’ ಪದದ ಹಳೇ ತಕರಾರು. ಅರ್ಥ ಹುಡುಗಿ, ಲಿಂಗ ನಪುಂಸಕ. ಹಾಗಾದರೆ ಎಸ್ ಅನ್ನಬೇಕಾ, ಜೀ ಅನ್ನಬೇಕಾ? ಎರಡೂ ನಡೆಯುತ್ತದೆ. ನಾಮಪದಕ್ಕೆ ಅಂಟಿಕೊಂಡು ಬರುವ ‘ಡಾಸ್’ ಮಾತ್ರ ನಪುಂಸಕದಲ್ಲೇ ಇರಬೇಕು. ನಾಮಪದದಿಂದ ದೂರ ಹೋದಷ್ಟೂ ‘ಜೀ’ ಸಹಜವಾಗುತ್ತದೆ. ಮಾತಿನಲ್ಲಂತೂ ‘ಜೀ’ಯೇ ಜಾಸ್ತಿ. ‘ಡೀ ಪೆರ್ಜೋನ್’, ಅಂದರೆ ವ್ಯಕ್ತಿ, ಅಂತ ಶುರು ಮಾಡಿದರೆ ಆ ವ್ಯಕ್ತಿ ಗಂಡಸಾದರೂ ಮುಂದಿನ ಮಾತು ‘ಜೀ’. ಕೋಲ್ನ್ ಸುತ್ತಮುತ್ತ, ಲಕ್ಸೆಂಬರ್ಗ್ ಕಡೆ ಇನ್ನೊಂದು ಸೋಜಿಗ ಇದೆ. ಅಲ್ಲಿಯ ಆಡುನುಡಿಗಳಲ್ಲಿ ಮನೆಯ, ಪರಿಚಯದ ಹೆಂಗಸರ ಹೆಸರಿಗೇ ನಪುಂಸಕಲಿಂಗ ಹಚ್ಚುತ್ತಾರೆ. ಅದರಲ್ಲಿ ಅಗೌರವ ಇರಬೇಕಂತಿಲ್ಲ, ಸಲುಗೆಯೂ ಆಗಬಹುದು. ನಿಮ್ಮ ಸ್ಟುಟ್‌ಗಾರ್ಟ್‌ನಲ್ಲಿ ಈ ತಲೆನೋವು ಇಲ್ಲ ಬಿಡಿ.

ವಸ್ತುಗಳ ವಿಷಯಕ್ಕೆ ಬಂದರೆ ಇನ್ನೊಂದು ಕವಲು. ‘ಬೆಫುಂಟ್’, ಅಂದರೆ ಪರೀಕ್ಷೆಯ ರಿಪೋರ್ಟ್, ಪುಲ್ಲಿಂಗ. "‘ಏರ್’ ಇನ್ನೂ ಬಂದಿಲ್ಲ" ಅಂತ ರಿಪೋರ್ಟ್ ಬಗ್ಗೆ ಹೇಳಿದರೆ ಸರಿ. ಆದರೆ "ಅದಕ್ಕೆ ಕಾಯ್ತಿದ್ದೀನಿ" ಅನ್ನುವಾಗ ‘ಔಫ್ ಈನ್’ ಅಂದರೆ ಯಾವನೋ ಗಂಡಸಿಗೆ ಕಾಯುತ್ತಿದ್ದೀರಿ ಅಂತ ಕೇಳಿಸುತ್ತದೆ. ಅಲ್ಲಿ ‘ಡರೌಫ್’ ಬೇಕು. ಔಫ್, ಮಿಟ್, ಫೋನ್ ಥರದ ಸಂಬಂಧ ಸೂಚಕಗಳ ಜೊತೆ ಜನರಿಗೆ ಸರ್ವನಾಮ, ವಸ್ತುಗಳಿಗೆ ‘ಡ’ ಸೇರಿದ ಒಂದೇ ಪದ: ಡರೌಫ್, ಡಮಿಟ್, ಡಫೋನ್. ಡಾಕ್ಟರಿಗೆ ಕಾಯುವುದು ಔಫ್ ಈನ್, ರಿಪೋರ್ಟಿಗೆ ಕಾಯುವುದು ಡರೌಫ್. ಆಡುಮಾತಿನಲ್ಲಿ ಈ ಗೆರೆ ಅಲ್ಲಲ್ಲಿ ಅಳಿಸಿಹೋಗಿದೆ, ಆದರೂ ಕಲಿಯುವವರು ಹೀಗೇ ಹಿಡಿದುಕೊಳ್ಳುವುದು ಕ್ಷೇಮ.

‘ಎಸ್’ ಅನ್ನುವುದು ಬಹಳ ಮೆತ್ತಗಿನ ಪದ. ಅದಕ್ಕೆ ಒತ್ತು ಕೊಡಲು ಆಗುವುದಿಲ್ಲ. ಕರ್ಮವಾದಾಗ ಅದನ್ನು ವಾಕ್ಯದ ತಲೆಗೆ ತರುವುದೂ ಕಷ್ಟ. "ಥರ್ಮಾಮೀಟರ್ ಎಲ್ಲಿ?" ಅಂತ ಕೇಳಿದರೆ "ಡಾಸ್ ಹಾಬ್ ಇಷ್" ಅನ್ನಬೇಕು, "ಎಸ್ ಹಾಬ್ ಇಷ್" ಅಂದರೆ ಜರ್ಮನ್ನರ ಕಿವಿಗೆ ಕಲ್ಲು ಸಿಕ್ಕಿದ ಹಾಗೆ. ಎಷ್ಟೋ ಸಲ ಆ ‘ಡಾಸ್’ ಕೂಡ ಬಿದ್ದುಹೋಗಿ ಬರೀ "ಹಾಬ್ ಇಷ್" ಉಳಿಯುತ್ತದೆ. ನಮ್ಮ "ಇದೆ, ನನ್ನತ್ರ ಇದೆ" ಥರ. ಆದರೆ ಬೀಳುವುದು ವಾಕ್ಯದ ತಲೆಯಲ್ಲಿ ಇದ್ದಾಗ ಮಾತ್ರ. ಕನ್ನಡದ ಅಭ್ಯಾಸದಲ್ಲಿ ನಡುವಿನಿಂದಲೂ ಸರ್ವನಾಮ ಕಿತ್ತುಹಾಕಿದರೆ ವಾಕ್ಯ ಕುಂಟುತ್ತದೆ. ಇನ್ನು ಒಂದು ವಸ್ತುವನ್ನಲ್ಲ, ಇಡೀ ಘಟನೆಯನ್ನೇ ತೋರಿಸಬೇಕಾದಾಗಲೂ ‘ಡಾಸ್’ ಬಳಸಿ. "ಹೆರ್ ಕ್ಲೈನ್ ರಾತ್ರಿ ಬಿದ್ದರು. ‘ಡಾಸ್’ ಯಾರಿಗೂ ಗೊತ್ತಾಗಲಿಲ್ಲ." ಇಲ್ಲಿ ಡಾಸ್ ಅಂದರೆ ಬಿದ್ದ ಸಂಗತಿ.

ಈಗ ಆ ಮುಖ ಗಂಟು ಹಾಕಿಕೊಂಡ ಹೆಂಡತಿಯ ವಿಷಯ. ನೀವು ಪ್ರಾಯಶಃ ಗಂಡನನ್ನು ತೋರಿಸಿ "‘ಡೇರ್’ ಚೆನ್ನಾಗಿ ನಿದ್ದೆ ಮಾಡಿದ" ಅನ್ನುವ ಧಾಟಿಯಲ್ಲಿ ಹೇಳಿರಬೇಕು. ಅಲ್ಲಿ ಮಾತೆಲ್ಲ ಅವರದೇ ಸುತ್ತ. ಬೇರೊಬ್ಬರ ಕಡೆ ತಿರುಗುವ ಅಗತ್ಯವೇ ಇರಲಿಲ್ಲ. ಅಗತ್ಯ ಇಲ್ಲದ ಕಡೆ ‘ಡೇರ್’ ಬಂದರೆ ಅದು ಬೆರಳು ಮಾಡಿ ತೋರಿಸಿದಂತೆ, ಕೆಲವೊಮ್ಮೆ ಹಗುರ ಮಾಡಿದಂತೆ ಕೇಳಿಸುತ್ತದೆ. ಬೋಶ್ ಮತ್ತು ಷ್ಟೆಫಾನ್ ಹಿಂಟರ್‌ವಿಮ್ಮರ್ ಈ ಬಳಕೆಯ ಬಗ್ಗೆಯೂ ಬರೆದಿದ್ದಾರೆ. ಒಬ್ಬನ ಬಗ್ಗೆಯೇ ಮಾತು ನಡೆಯುತ್ತಿದ್ದಾಗಲೂ ಹೇಳುವವರು ತಮ್ಮ ಸ್ವಂತ ಅಭಿಪ್ರಾಯ ತೂರಿಸುವಾಗ ‘ಡೇರ್’ ಬರುತ್ತದೆ. "ಪೇಟರ್ ಇವತ್ತೂ ಲೇಟು. ‘ಡೇರ್’ ಕಲಿಯಲ್ಲ ಬಿಡು." ಇಲ್ಲಿ ‘ಏರ್’ ಹಾಕಿದರೆ ಖಾರ ಕಮ್ಮಿ. ನಮ್ಮಲ್ಲಿ "ಅವ್ನು ಬಿಡು, ಅವ್ನ ಕಥೆ ಗೊತ್ತಲ್ಲ" ಅನ್ನುತ್ತೇವಲ್ಲ, ಆ ಧಾಟಿ. ಹಾಗಾಗಿ ಎದುರಿಗಿರುವವರ ಬಗ್ಗೆ, ಅವರ ಮನೆಯವರ ಮುಂದೆ, ‘ಡೇರ್’, ‘ಡೀ’ ಬೇಡ. ‘ಏರ್’ ಅನ್ನಿ, ಇಲ್ಲ "ನಿಮ್ಮ ಯಜಮಾನರು", "ಹೆರ್ ಕ್ಲೈನ್" ಅನ್ನಿ. ನಿಮ್ಮ ಭಾಗದಲ್ಲಿ ‘ಡೇರ್ ಪೇಟರ್’, ‘ಡೀ ಅನ್ನ’ ಅಂತ ಹೆಸರಿನ ಮುಂದೆ ಹಚ್ಚುತ್ತಾರಲ್ಲ, ಅದು ದಕ್ಷಿಣದ ಸಹಜ ಮಾತು, ಅದರಲ್ಲಿ ಯಾವ ಒರಟುತನವೂ ಇಲ್ಲ. ಉತ್ತರದವರಿಗೆ ಮಾತ್ರ ಅದು ಸ್ವಲ್ಪ ಹಳ್ಳಿಯ ಧಾಟಿ ಅನ್ನಿಸಬಹುದು.

ಕೊನೆಗೆ ನಾಮಪದ. ನಿಮ್ಮ ಟೀಚರ್ ಗೆರೆ ಎಳೆಯುವುದು ಯಾಕೆ ಅಂತ ಗೊತ್ತು. ಜರ್ಮನ್ ಮಕ್ಕಳು ಪ್ರಬಂಧ ಬರೆಯಲು ಶುರು ಮಾಡಿದಾಗಿನಿಂದ ಕೇಳುವ ಮಾತು ಅದು: ಒಂದೇ ಪದವನ್ನು ಮತ್ತೆ ಮತ್ತೆ ಬರೆಯಬೇಡ. ಅದರ ಫಲ ಪತ್ರಿಕೆಗಳಲ್ಲಿ ಕಾಣುತ್ತದೆ. ಅಪರಾಧದ ಸುದ್ದಿಯಲ್ಲಿ ಒಬ್ಬ ಮನುಷ್ಯ ಮೊದಲು ‘ಚಾಲಕ’, ಆಮೇಲೆ ‘42 ವರ್ಷದವ’, ಆಮೇಲೆ ಊರಿನ ಹೆಸರಿನಿಂದ ‘ಹ್ಯಾಂಬರ್ಗ್‌ನವ’. ಮೂವರಲ್ಲ, ಒಬ್ಬನೇ! ಫುಟ್‌ಬಾಲ್ ವರದಿಯಲ್ಲಿ ಬಯರ್ನ್ ಮ್ಯೂನಿಕ್ ‘ರೆಕಾರ್ಡ್ ಚಾಂಪಿಯನ್’ ಆಗುತ್ತದೆ, ಮೋನ್ಷನ್‌ಗ್ಲಾಡ್‌ಬಾಖ್ ತಂಡ ‘ಕುದುರೆಮರಿಗಳು’ ಆಗುತ್ತದೆ, ಚೆಂಡು ‘ಚರ್ಮ’ ಆಗುತ್ತದೆ. ನಾಯಿ ‘ನಾಲ್ಕು ಕಾಲಿನದು’. ಇದರಿಂದ ಒಂದು ಅನುಕೂಲ ಇದೆ. ಹಳಬನನ್ನು ನೆನಪಿಸುವ ನೆಪದಲ್ಲಿ ವಯಸ್ಸು, ಊರು, ಪಕ್ಷ ಹೀಗೆ ಹೊಸ ಮಾಹಿತಿಯನ್ನೂ ತುರುಕಬಹುದು. ಆದರೆ ನನಗೆ ಕೇಳಿದರೆ, ಇದು ಭಾಷೆ ಚೆನ್ನಾಗಿ ಬಂದವರ ಆಟ. ಬಿ2 ಹಂತದಲ್ಲಿ ಇದನ್ನು ಕಾಪಿ ಹೊಡೆದರೆ ಓದುವವರಿಗೆ ಎಷ್ಟು ಜನ ಇದ್ದಾರೆ ಅಂತಲೇ ತಿಳಿಯುವುದಿಲ್ಲ.

ಇದಕ್ಕೆ ನೇರ ಉಲ್ಟಾ ಕಾನೂನಿನ ಭಾಷೆ. 1900ರ ಜನವರಿ 1ರಿಂದ ಜಾರಿಯಲ್ಲಿರುವ ಜರ್ಮನ್ ನಾಗರಿಕ ಸಂಹಿತೆಯ 433ನೇ ಕಲಮಿನ ಮೊದಲ ವಾಕ್ಯ ನೋಡಿ. ವಸ್ತುವನ್ನು ಮಾರುವವನು ಕೊಳ್ಳುವವನಿಗೆ ಆ ವಸ್ತುವನ್ನು ಒಪ್ಪಿಸಬೇಕು, ಆ ವಸ್ತುವಿನ ಒಡೆತನವನ್ನೂ ದೊರಕಿಸಬೇಕು ಅನ್ನುವುದು ಅದರ ಸಾರ. ‘ವಸ್ತು’ ಅನ್ನುವ ಪದ ಜರ್ಮನ್‌ನಲ್ಲೂ ಒಂದೇ ವಾಕ್ಯದಲ್ಲಿ ಮೂರು ಸಲ. ಆ ಪದ ಸ್ತ್ರೀಲಿಂಗ, ಮಾರುವವ ಕೊಳ್ಳುವವ ಇಬ್ಬರೂ ಪುಲ್ಲಿಂಗ. ಅಂದರೆ ‘ಜೀ’ ಹಾಕಿದ್ದರೂ ಗೊಂದಲ ಆಗುತ್ತಿರಲಿಲ್ಲ. ಆದರೂ ಹಾಕಿಲ್ಲ. ಮುಂದೆ ಕೋರ್ಟಿನಲ್ಲಿ ವಾದಕ್ಕೆ ಒಂದು ಸಣ್ಣ ಸಂದೂ ಇರಬಾರದು ಅನ್ನುವ ಹಠ ಅದು.

ನರ್ಸಿನ ಬರಹ ಇವೆರಡರಲ್ಲಿ ಕಾನೂನಿನ ಕಡೆಗೇ ವಾಲಬೇಕು. ವಾರ್ಡಿನ ವರದಿಯಲ್ಲಿ "ಡೀ ಕೋಮ್ಟ್" ಅಂತ ಬರೆಯಬೇಡಿ, "ಮಗಳು ಬರುತ್ತಾಳೆ" ಅಂತ ನಾಮಪದ ಬರೆಯಿರಿ. ಬರಹದಲ್ಲಿ ‘ಡೀ’ಯ ಜಾಗಕ್ಕೆ ‘ಡೀಜ’, ಗಂಡಸಾದರೆ ‘ಡೀಜರ್’, ಅನ್ನುವ ರೂಪ ಇದೆ. ಕೊನೆಗೆ ಹೆಸರಿಸಿದವರನ್ನು ಅದು ಹಿಡಿಯುತ್ತದೆ. ಬರಹದಲ್ಲಿ ಸರಿ, ಬಾಯಲ್ಲಿ ಹೇಳಿದರೆ ನೋಟೀಸು ಓದಿದ ಹಾಗಿರುತ್ತದೆ. ಟೀಚರ್ ಗೆರೆ ಎಳೆಯುವ ಪ್ರಬಂಧದಲ್ಲಿ ಒಂದು ಉಪಾಯ: ಒಬ್ಬರ ಬಗ್ಗೆಯೇ ಬರೆಯುತ್ತಿದ್ದಾಗ ಒಂದು ಪ್ಯಾರಾದಲ್ಲಿ ಒಮ್ಮೆ ಹೆಸರು, ಆಮೇಲೆ ಸರ್ವನಾಮ. ಹೊಸ ಪ್ಯಾರಾ ಶುರುವಾದಾಗ, ಜಾಗ ಅಥವಾ ದಿನ ಬದಲಾದಾಗ, ಮಧ್ಯದಲ್ಲಿ ಅದೇ ಲಿಂಗದ ಇನ್ನೊಬ್ಬರು ನುಗ್ಗಿದಾಗ ಮತ್ತೆ ಹೆಸರು. ಜರ್ಮನ್ ಬರಹಗಾರರ ಪ್ಯಾರಾಗಳನ್ನು ಪೆನ್ಸಿಲ್ ಹಿಡಿದು ಓದಿದರೆ ಹೆಸರು ಮರಳಿ ಬರುವ ಜಾಗ ಹೆಚ್ಚಾಗಿ ಇವೇ.

ಹೆಸರನ್ನೇ ಮತ್ತೆ ಹೇಳುವುದಕ್ಕೆ ಈಗ ಇನ್ನೊಂದು ಕಾರಣವೂ ಸೇರಿದೆ. 2018ರ ಕೊನೆಯಿಂದ ಜರ್ಮನಿಯಲ್ಲಿ ಗಂಡು, ಹೆಣ್ಣು ಅಲ್ಲದೆ ‘ಡಿವೆರ್ಸ್’ ಅನ್ನುವ ಮೂರನೇ ದಾಖಲೆಯೂ ಸಾಧ್ಯ. ಆದರೆ ಅವರಿಗೆ ಎಲ್ಲರೂ ಒಪ್ಪಿದ ಸರ್ವನಾಮ ಇನ್ನೂ ಹುಟ್ಟಿಲ್ಲ. ‘ಎಸ್’ ಅಂದರೆ ಎಷ್ಟೋ ಜನರಿಗೆ ಅವಮಾನ. ಹಾಗಾಗಿ ಹಲವರು "ನನ್ನ ಹೆಸರನ್ನೇ ಹೇಳಿ" ಅನ್ನುತ್ತಾರೆ. ಅಂಥ ರೋಗಿ ಬಂದರೆ ಕೇಳಿ ತಿಳಿದುಕೊಳ್ಳಿ, ಅವರು ಹೇಳಿದ ಹಾಗೆ ಮಾಡಿ.

ಒಂದು ಎಚ್ಚರಿಕೆ ಬಾಕಿ ಇದೆ, ನಿಮ್ಮ ಕೆಲಸದಲ್ಲಿ ಇದು ದಿನಾ ಬರುವಂಥದ್ದು. ‘ಜೀ’ ಅನ್ನುವ ಒಂದೇ ಸದ್ದಿಗೆ ಅವಳು, ಅವರೆಲ್ಲ, ಮರ್ಯಾದೆಯ ‘ನೀವು’ ಮೂರೂ ಅರ್ಥ. ‘ಅವಳು’ ಆದರೆ ಕ್ರಿಯಾಪದ ಬೇರೆ, ಅಲ್ಲಿ ಬಚಾವು. ಉಳಿದ ಎರಡಕ್ಕೆ ಕ್ರಿಯಾಪದವೂ ಒಂದೇ. ರೋಗಿಯ ಹಾಸಿಗೆ ಪಕ್ಕ ಮನೆಯವರು ನಿಂತಿದ್ದಾಗ "‘ಜೀ’‌ಗೆ ನಾಳೆಯಿಂದ ಹೊಸ ಮಾತ್ರೆ" ಅನ್ನುವ ಅರ್ಥದ ಮಾತು ಹೇಳಿದರೆ, ಯಾರಿಗೆ ಮಾತ್ರೆ ಅಂತ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಲ್ಲಿ ಹೆಸರು ಹಿಡಿದೇ ಶುರು ಮಾಡಿ. ಇಮೇಲ್‌ನಲ್ಲಾದರೆ ‘ನೀವು’ ಅನ್ನುವ ಜೀಗೂ ‘ನಿಮ್ಮ’ ಅನ್ನುವ ಈರ್‌ಗೂ ಮೊದಲ ಅಕ್ಷರ ದೊಡ್ಡದು. ‘ಅವಳ ರಿಪೋರ್ಟ್’ ಅಂತ ಬರೆಯಲು ಹೋಗಿ ದೊಡ್ಡಕ್ಷರ ಹಾಕಿದರೆ ಅದು ‘ನಿಮ್ಮ ರಿಪೋರ್ಟ್’ ಆಗುತ್ತದೆ. ಕಳಿಸುವ ಮುಂಚೆ ಆ ಒಂದು ಅಕ್ಷರ ಮಾತ್ರ ಮತ್ತೊಮ್ಮೆ ನೋಡಿಕೊಳ್ಳಿ.